ನಮ್ಮೂರ ರಸ್ತೆಯ ಹೊಗೆ: ಲೆಕ್ಕ ಹಾಕುವುದು ಹೇಗೆ?

ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ರಾಜ್ಯದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಯಾದಗಿರಿ, ಶಹಾಪುರ, ಸುರಪುರ ಆ ಪಟ್ಟಿಯಲ್ಲಿಲ್ಲ. ಆದರೂ ನಮ್ಮ ರಸ್ತೆಯ ವಾಹನಗಳು ಎಷ್ಟು ಹೊಗೆ ಉಗುಳುತ್ತವೆ ಎಂದು ಕಾಲೇಜು ಹುಡುಗರೇ ಅಂದಾಜಿಸಬಹುದು. ಸೂತ್ರ ಸರಳ: ವಾಹನಗಳ ಸಂಖ್ಯೆ × ಓಡಿದ ಕಿ.ಮೀ. × ಪ್ರತಿ ಕಿ.ಮೀ.ಗೆ ಹೊರಬರುವ ಗ್ರಾಂ.

ಮೊದಲು ಎಣಿಕೆ. ಆರ್‌ಟಿಒ ನೋಂದಣಿಯ ಅಂಕಿ ಮಾತ್ರ ನಂಬಬೇಡಿ. ಶಹಾಪುರ ಹಾದುಹೋಗುವ 150ಎ ಹೆದ್ದಾರಿಯಲ್ಲಿ ನಮ್ಮ ಯಾದಗಿರಿಯ ಕೆಎ–33 ಜೊತೆಗೆ ಕಲಬುರಗಿಯ 32, ರಾಯಚೂರಿನ 36 ಕೂಡ ಓಡುತ್ತವೆ. ನೋಂದಣಿಯಾದ ಎಷ್ಟೋ ಹಳೆ ಬೈಕುಗಳು ಮನೆಮುಂದೆ ತುಕ್ಕು ಹಿಡಿಯುತ್ತಿವೆ. ರಸ್ತೆ ಬದಿ ನಿಂತು ಬೈಕ್, ಟಂಟಂ, ಕ್ರೂಸರ್, ಕಾರು, ಬಸ್, ಲಾರಿ ಬೇರೆಬೇರೆಯಾಗಿ ಗೀಟು ಹಾಕಿ. ಸಂತೆಯ ದಿನ, ಸಾದಾ ದಿನ ಎರಡೂ ಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಇನ್ನೊಮ್ಮೆ ಎಣಿಸಿ. ಆಗ ಲಾರಿ, ಟ್ರ್ಯಾಕ್ಟರ್ ಹೆಚ್ಚು.

ಎರಡನೆಯದು ವಾಹನದ ವಯಸ್ಸು. ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲೇ. ಪೆಟ್ರೋಲ್ ಬಂಕಿನಲ್ಲಿ ಚಾಲಕರನ್ನು ಕೇಳಿ: ಯಾವ ವರ್ಷದ ಗಾಡಿ, ದಿನಕ್ಕೆ ಎಷ್ಟು ಕಿ.ಮೀ.? ದೇಶದಾದ್ಯಂತ 2017ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್–4 ನಿಯಮ, 2020ರ ಏಪ್ರಿಲ್‌ನಿಂದ ಬಿಎಸ್–6 ಜಾರಿಯಾಗಿದೆ. ಬಿಎಸ್–4 ಡೀಸೆಲ್ ಕಾರಿಗೆ ನೈಟ್ರೋಜನ್ ಆಕ್ಸೈಡ್‌ಗಳ ಮಿತಿ ಕಿ.ಮೀ.ಗೆ 0.25 ಗ್ರಾಂ, ಬಿಎಸ್–6ಕ್ಕೆ 0.08. ಅಂಥ 100 ಕಾರು ತಲಾ 10 ಕಿ.ಮೀ. ಓಡಿದರೆ ಮೊದಲನೆಯದರಲ್ಲಿ 250 ಗ್ರಾಂ, ಎರಡನೆಯದರಲ್ಲಿ 80.

ಇವು ಪ್ರಯೋಗಾಲಯದ ಮಿತಿಗಳು. ತಗ್ಗುದಿಣ್ಣೆ, ಅತಿಭಾರ, ಹಳೆ ಎಂಜಿನ್ ಇರುವ ನಿಜವಾದ ರಸ್ತೆಯಲ್ಲಿ ಹೊಗೆ ಇದಕ್ಕಿಂತ ಹೆಚ್ಚಿರಬಹುದು. ಹಾಗಾಗಿ ಅಂತಿಮ ಲೆಕ್ಕಕ್ಕೆ ಪುಣೆಯ ಎಆರ್‌ಎಐ ಸಂಸ್ಥೆ ಭಾರತದ ವಾಹನಗಳನ್ನೇ ಪರೀಕ್ಷಿಸಿ ಕೊಟ್ಟ ಗುಣಾಂಕಗಳನ್ನು (ಪ್ರತಿ ಕಿ.ಮೀ.ಗೆ ಗ್ರಾಂ) ಬಳಸಿ.

ಟ್ರ್ಯಾಕ್ಟರಿಗೆ ಕಿ.ಮೀ. ಲೆಕ್ಕ ಹೊಂದುವುದಿಲ್ಲ, ಸುಟ್ಟ ಡೀಸೆಲ್ ಲೀಟರ್ ಹಿಡಿಯಿರಿ. ಇಂಗಾಲದ ಡೈಆಕ್ಸೈಡ್‌ಗೂ ಇದೇ ದಾರಿ: ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆ.ಜಿ., ಪೆಟ್ರೋಲ್‌ಗೆ 2.3. ಚಕ್ರದಿಂದೇಳುವ ದೂಳನ್ನು ಇದರಲ್ಲಿ ಬೆರೆಸಬೇಡಿ, ಅದರ ಲೆಕ್ಕವೇ ಬೇರೆ.

ಹೊಗೆ ತಪಾಸಣೆ ಚೀಟಿಯನ್ನೂ ಗುಣಾಂಕವೆಂದು ತಿಳಿಯಬೇಡಿ. ಅಲ್ಲಿ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯುವುದಿಲ್ಲ.

ಲೆಕ್ಕ ಮುಗಿದ ಮೇಲೆ ಎಣಿಸಿದ ದಿನ, ಜಾಗ, ಬಳಸಿದ ಗುಣಾಂಕ ಬರೆದು ನಗರಸಭೆಗೆ ಒಂದು ಪ್ರತಿ ಕೊಡಿ.