ಹೆಡ್‌ಲೈಟ್ ಬಲ್ಬ್ ಹೋದರೆ ಮನೆಯಂಗಳದಲ್ಲೇ ಬದಲಿಸಿ

ದಾಂಡೇಲಿ ಪೇಟೆ ದಾಟಿದರೆ ಬೀದಿದೀಪ ಮುಗಿಯಿತು. ಮೌಳಂಗಿಯ ಆಸುಪಾಸಿನ ಹೋಂಸ್ಟೇಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವವರು, ಗಣೇಶಗುಡಿ, ಜೋಯಿಡಾ ಕಡೆಯಿಂದ ಹೊತ್ತು ಮುಳುಗಿದ ಮೇಲೆ ಮನೆಗೆ ಮರಳುವವರು ನಂಬುವುದು ಗಾಡಿಯ ಎರಡು ದೀಪಗಳನ್ನು ಮಾತ್ರ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಕಾಡುಕೋಣ ರಸ್ತೆಗೆ ಅಡ್ಡ ನಿಂತರೆ ಅದರ ಮೈಯೂ ಕಪ್ಪು, ಡಾಂಬರೂ ಕಪ್ಪು. ಮೊದಲು ಕಣ್ಣಿಗೆ ಬೀಳುವುದು ಅದರ ಕಾಲಿನ ಕೆಳಭಾಗದ ಬಿಳುಪು. ಅದನ್ನು ತೋರಿಸಬೇಕಾದ್ದು ನಿಮ್ಮ ಲೋ ಬೀಮ್.

ಒಂದು ಬಲ್ಬ್ ಹೋದರೂ ‘ಇನ್ನೊಂದಿದೆಯಲ್ಲ’ ಎಂದು ವಾರಗಟ್ಟಲೆ ಓಡಿಸುವವರಿದ್ದಾರೆ. ಬಲಗಡೆಯದು ಹೋಗಿದ್ದರೆ ಎದುರಿನಿಂದ ಬರುವವನಿಗೆ ನಿಮ್ಮದು ಕಾರೆಂದೇ ಗೊತ್ತಾಗುವುದಿಲ್ಲ. ರಸ್ತೆಯಂಚಿನಲ್ಲಿ ಬೈಕ್ ಬರುತ್ತಿದೆ ಅಂದುಕೊಂಡು ನಡುವಿಗೇ ಬರುತ್ತಾನೆ. ನಮ್ಮ ಕಿರಿದಾದ ತಿರುವುಗಳಲ್ಲಿ ಅಷ್ಟು ಸಾಕು. ಆದ್ದರಿಂದ ಈ ಕೆಲಸವನ್ನು ಗ್ಯಾರೇಜಿಗೆ ಹೋಗುವ ದಿನಕ್ಕೆಂದು ಮುಂದೂಡಬೇಡಿ. ಬಹುತೇಕ ಹಾಲೊಜೆನ್ ದೀಪಗಳ ಗಾಡಿಗಳಲ್ಲಿ ಇದು ಹತ್ತಿಪ್ಪತ್ತು ನಿಮಿಷದ ಕೆಲಸ.

ಮೊದಲು ಹೋಗಿರುವುದು ಬಲ್ಬೇ ಹೌದೋ ಅಲ್ಲವೋ ನೋಡಿ. ಎರಡೂ ಕಡೆ ಒಟ್ಟಿಗೇ ಆರಿದ್ದರೆ ಫ್ಯೂಸ್, ರಿಲೇ ಅಥವಾ ಸ್ವಿಚ್ ಮೇಲೆ ಅನುಮಾನಪಡಿ. ಒಂದೇ ಕಡೆ ಆರಿದ್ದರೆ ಸಾಮಾನ್ಯವಾಗಿ ಬಲ್ಬೇ. ಕೆಲವು ಗಾಡಿಗಳಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಫ್ಯೂಸ್ ಇರುವುದರಿಂದ ಅದನ್ನೂ ಒಮ್ಮೆ ನೋಡುವುದು ಒಳ್ಳೆಯದು. ಹೈ ಬೀಮ್ ಉರಿದು ಲೋ ಬೀಮ್ ಉರಿಯದಿದ್ದರೆ ಬಲ್ಬಿನೊಳಗಿನ ಎರಡು ತಂತಿಗಳಲ್ಲಿ ಒಂದು ಕಡಿದಿರಬಹುದು. ಆಗಲೂ ಇಡೀ ಬಲ್ಬನ್ನೇ ಬದಲಿಸಬೇಕು.

ನಮ್ಮಲ್ಲಿ ಹೆಚ್ಚು ಕಾಣುವುದು ಎಚ್4 ಎಂಬ ಬಗೆ. ಹಿಂದೆ ಮೂರು ಪಿನ್ನು, ಒಳಗೆ ಎರಡು ತಂತಿ. ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55 ವ್ಯಾಟ್. ಕೆಲವು ಕಾರುಗಳಲ್ಲಿ ಲೋ ಮತ್ತು ಹೈ ಬೀಮಿಗೆ ಬೇರೆ ಬೇರೆ ಬಲ್ಬುಗಳಿದ್ದು, ಅಲ್ಲಿ ಎಚ್7, ಎಚ್11 ಮುಂತಾದವು ಬರುತ್ತವೆ. ಗಾಡಿಯ ಮಾಲೀಕರ ಕೈಪಿಡಿಯಲ್ಲಿ ಬರೆದಿರುತ್ತದೆ. ಕೈಪಿಡಿ ಕಳೆದಿದ್ದರೆ ಹಳೆಯ ಬಲ್ಬಿನ ಲೋಹದ ಬುಡದ ಮೇಲೆ ಅಚ್ಚೊತ್ತಿರುತ್ತದೆ. ಅದನ್ನೇ ದಾಂಡೇಲಿಯಲ್ಲೋ ಹಳಿಯಾಳದಲ್ಲೋ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಒಯ್ದು ತೋರಿಸಿ. ನಿಮ್ಮ ಕಾರಿಗೆ ಕಂಪನಿಯಿಂದಲೇ ಎಲ್‌ಇಡಿ ದೀಪ ಬಂದಿದ್ದರೆ ಹೆಚ್ಚಿನವುಗಳಲ್ಲಿ ಬಿಡಿ ಬಲ್ಬು ಇರುವುದಿಲ್ಲ, ಸರ್ವಿಸ್ ಸೆಂಟರಿಗೇ ಹೋಗಬೇಕು. ಕ್ಸೆನಾನ್ ದೀಪವಿದ್ದರೆ ಕೈ ಹಾಕಲೇಬೇಡಿ; ಅದು ಹೊತ್ತಿಕೊಳ್ಳುವಾಗ ಸಾವಿರಾರು ವೋಲ್ಟ್ ಹರಿಯುತ್ತದೆ.

ಅಂಗಡಿಯಲ್ಲಿ ‘90/100 ಹಾಕಿ ಸರ್, ಕಾಡಿನ ರಸ್ತೆಗೆ ಒಳ್ಳೆಯದು’ ಎನ್ನುವ ಸಲಹೆ ಬರಬಹುದು. ಬೇಡ ಎನ್ನಿ. 60 ವ್ಯಾಟಿಗೆ ಸುಮಾರು 5 ಆಂಪಿಯರ್ ಹರಿಯುವ ವೈರಿನಲ್ಲಿ 100 ವ್ಯಾಟಿಗೆ 8 ಆಂಪಿಯರ್ ದಾಟುತ್ತದೆ. ವೈರಿನಲ್ಲಿ ಹುಟ್ಟುವ ಶಾಖ ಎರಡೂವರೆ ಪಟ್ಟಿಗೂ ಹೆಚ್ಚು. ಬಲ್ಬಿನ ಪಿನ್ನುಗಳಿಗೆ ಸಿಕ್ಕಿಸುವ ಕಪ್ಲರ್ ಕರಗುತ್ತದೆ, ಒಳಗಿನ ಬೆಳ್ಳಿಬಣ್ಣದ ರಿಫ್ಲೆಕ್ಟರ್ ಸುಟ್ಟು ಮಂಕಾಗುತ್ತದೆ, ಆಮೇಲೆ ಯಾವ ಬಲ್ಬ್ ಹಾಕಿದರೂ ಬೆಳಕಿಲ್ಲ. ಹಾಲೊಜೆನ್ ಜಾಗಕ್ಕೆ ತುರುಕುವ ಅಗ್ಗದ ಎಲ್‌ಇಡಿಗಳ ಕಥೆಯೂ ಅಷ್ಟೆ. ಎಚ್4 ಬಲ್ಬಿನೊಳಗೆ ಲೋ ಬೀಮಿನ ತಂತಿಯ ಅಡಿಗೆ ಪುಟ್ಟ ಲೋಹದ ಬಟ್ಟಲಿದೆ. ಬೆಳಕು ಮೇಲಕ್ಕೆ ಚೆಲ್ಲದಂತೆ ತಡೆಯುವುದು ಅದು. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ. ನೋಡಲು ಝಗಮಗ ಅನ್ನಿಸಿದರೂ ಬೆಳಕು ರಸ್ತೆಯ ಮೇಲೆ ಬೀಳದೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮಂಜು ಮುಸುಕಿದಾಗಲಂತೂ ಆ ನೀಲಿಬಿಳಿ ಬೆಳಕು ತಿರುಗಿ ನಮ್ಮ ಮುಖಕ್ಕೇ ಬರುತ್ತದೆ.

ಈಗ ಕೆಲಸ. ಸಂಜೆ ಬೆಳಕು ಮಾಸುವ ಹೊತ್ತಿಗೆ ಸಮತಟ್ಟಾದ ಅಂಗಳದಲ್ಲಿ ಗೋಡೆಗೆ ಮುಖ ಮಾಡಿ 5 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ. ಉರಿಯುವ ಕಡೆಯ ದೀಪದ ಲೋ ಬೀಮ್ ಗೋಡೆಯ ಮೇಲೆ ಎಲ್ಲಿಗೆ ಬೀಳುತ್ತದೋ ಅಲ್ಲಿಗೆ ಸೀಮೆಸುಣ್ಣದ ಗೆರೆ ಹಾಕಿಡಿ, ಆಮೇಲೆ ಉಪಯೋಗಕ್ಕೆ ಬರುತ್ತದೆ. ಎಂಜಿನ್ ಆರಿಸಿ, ಲೈಟ್ ಆರಿಸಿ, ಕೀಲಿ ತೆಗೆಯಿರಿ. ಉರಿಯುತ್ತಿದ್ದ ಬಲ್ಬಿನ ಗಾಜು ಚರ್ಮ ಸುಡುವಷ್ಟು ಬಿಸಿಯಾಗಿರುತ್ತದೆ. ಕಾಲು ಗಂಟೆಯಾದರೂ ತಣಿಯಲು ಬಿಡಿ.

ಬಾನೆಟ್ ಎತ್ತಿ ದೀಪದ ಹಿಂಬದಿ ನೋಡಿ. ಮೂರು ಪಿನ್ನಿನ ಕಪ್ಲರ್ ಸಿಗುತ್ತದೆ. ವೈರ್ ಹಿಡಿದು ಎಳೆಯಬಾರದು. ಕಪ್ಲರನ್ನೇ ಹಿಡಿದು ಎಡಬಲಕ್ಕೆ ಮೆಲ್ಲಗೆ ಅಲುಗಾಡಿಸುತ್ತ ನೇರ ಹಿಂದಕ್ಕೆ ಎಳೆಯಿರಿ. ಅದು ಕಂದುಬಣ್ಣಕ್ಕೆ ತಿರುಗಿದ್ದರೆ, ಕರಗಿದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಬಲ್ಬೂ ಬೇಗ ಹೋಗುತ್ತದೆ. ಕಪ್ಲರಿನ ಹಿಂದೆ ರಬ್ಬರ್ ಮುಚ್ಚಳ. ಅಂಚು ಹಿಡಿದು ಬಿಡಿಸಿ. ಒಳಗೆ ತಂತಿಯ ಸ್ಪ್ರಿಂಗ್ ಲಾಕ್. ಅದರ ತುದಿಯನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಚ್ಚಿಕೊಳ್ಳುತ್ತದೆ. ಯಾವ ದಿಕ್ಕಿಗೆ ಸರಿಯಿತು ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಮತ್ತೆ ಹಾಕುವಾಗ ತಡಕಾಡಬೇಕಿಲ್ಲ. ಕೆಲವು ಕಾರುಗಳಲ್ಲಿ ಬ್ಯಾಟರಿಯೋ ಏರ್ ಫಿಲ್ಟರ್ ಡಬ್ಬಿಯೋ ಕೈಗೆ ಅಡ್ಡ ಬರುತ್ತದೆ. ಮೊದಲು ಅದನ್ನು ಸರಿಸಬೇಕು.

ಹಳೆಯದನ್ನು ಹೊರತೆಗೆದು ಹೊಸದನ್ನು ಲೋಹದ ಬುಡದಲ್ಲಷ್ಟೇ ಹಿಡಿಯಿರಿ. ಗಾಜನ್ನು ಬೆರಳಿನಿಂದ ಮುಟ್ಟಬಾರದು. ಚರ್ಮದ ಎಣ್ಣೆಯಂಶ ಅಂಟಿದ ಜಾಗ ಉಳಿದ ಗಾಜಿಗಿಂತ ಹೆಚ್ಚು ಕಾದು ಬಲ್ಬ್ ಬೇಗನೆ ಸಿಡಿಯುತ್ತದೆ. ಅಪ್ಪಿತಪ್ಪಿ ಮುಟ್ಟಿದರೆ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಬುಡದ ಸುತ್ತ ಮೂರು ಕಿವಿಗಳಿದ್ದು, ಅಗಲವಾದದ್ದು ಮೇಲೆ ಬರಬೇಕು. ಸರಿಯಾಗಿ ಕೂತರೆ ಬಲ್ಬ್ ಅಲುಗಾಡದು. ಒತ್ತಿ ತುರುಕಬೇಕಾಗಿ ಬಂದರೆ ದಿಕ್ಕು ತಪ್ಪಿದೆ ಎಂದೇ ಅರ್ಥ. ಲಾಕ್ ಹಾಕಿ, ರಬ್ಬರ್ ಮುಚ್ಚಳವನ್ನು ಸುತ್ತಲೂ ಬೆರಳಾಡಿಸಿ ಕೂರಿಸಿ, ಕಪ್ಲರ್ ಸಿಕ್ಕಿಸಿ. ಜೋಯಿಡಾ ಕಡೆಯ ಮಳೆಗೆ ಈ ಮುಚ್ಚಳ ಒಂದು ಮೂಲೆಯಲ್ಲಿ ಎದ್ದಿದ್ದರೂ ಸಾಕು, ದೀಪದೊಳಗೆ ಹಬೆಗಟ್ಟಿ ರಿಫ್ಲೆಕ್ಟರ್ ಹಾಳಾಗುತ್ತದೆ.

ಎರಡೂ ಕಡೆಯ ಬಲ್ಬುಗಳನ್ನು ಜೊತೆಯಾಗಿ ಬದಲಿಸಿ ಎನ್ನುವುದು ನನ್ನ ಒತ್ತಾಯ. ಒಂದೇ ಕಾಲದಲ್ಲಿ ಹಾಕಿದವು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೋಗುತ್ತವೆ, ಹಳೆಯದು ಹೊಸದರ ಮುಂದೆ ಮಂಕಾಗಿಯೂ ಕಾಣುತ್ತದೆ.

ಈಗ ಲೋ, ಹೈ ಎರಡನ್ನೂ ಹೊತ್ತಿಸಿ ನೋಡಿ. ಇಲ್ಲಿಗೆ ಕೆಲಸ ಮುಗಿಯಿತೆಂದು ಅನೇಕರು ಬಾನೆಟ್ ಮುಚ್ಚುತ್ತಾರೆ. ದಯವಿಟ್ಟು ಇನ್ನೈದು ನಿಮಿಷ ಕೊಡಿ. ಟೈರಿನ ಗಾಳಿ ಸರಿಯಿರಲಿ, ಒಬ್ಬರು ಡ್ರೈವರ್ ಸೀಟಿನಲ್ಲಿ ಕೂರಲಿ, ಡ್ಯಾಶ್‌ಬೋರ್ಡಿನಲ್ಲಿ ಬೆಳಕು ಏರಿಳಿಸುವ ಚಕ್ರವಿದ್ದರೆ ಸೊನ್ನೆಗಿರಲಿ. ದೀಪದ ನಡುಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪಿನಲ್ಲಿ ಅಳೆದು ಗೋಡೆಯ ಮೇಲೆ ಗುರುತು ಮಾಡಿ. 5 ಮೀಟರ್ ದೂರದಲ್ಲಿ ಲೋ ಬೀಮಿನ ಮೇಲಂಚು ಆ ಗುರುತಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಎಡಬದಿಗೆ ಬೆಳಕು ತುಸು ಮೇಲೇರುವುದು ಸರಿಯೇ; ರಸ್ತೆಯಂಚಿನಲ್ಲಿ ನಡೆಯುವವರು ಕಾಣಲೆಂದೇ ಹಾಗೆ ಮಾಡಿರುತ್ತಾರೆ. ಮೊದಲು ಎಳೆದ ಸೀಮೆಸುಣ್ಣದ ಗೆರೆಗೂ ಹೊಸ ಬೆಳಕಿಗೂ ದೊಡ್ಡ ಅಂತರವಿದ್ದರೆ ಬಲ್ಬ್ ಓರೆಯಾಗಿ ಕೂತಿದೆ, ಬಿಚ್ಚಿ ಮತ್ತೆ ಕೂರಿಸಿ. ಆ ಗೆರೆಯೇ ಇರಬೇಕಾದ್ದಕ್ಕಿಂತ ಮೇಲಿತ್ತು ಎಂದಾದರೆ ದೀಪದ ಹಿಂದಿನ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಇಳಿಸಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಹೇಳುವುದೂ ಇದನ್ನೇ: 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಬೆಳಕು ಕುಕ್ಕಬಾರದು. ಬಾಡಿಗೆ ಗಾಡಿಗಳ ಫಿಟ್‌ನೆಸ್ ತಪಾಸಣೆಯಲ್ಲೂ ಹೆಡ್‌ಲೈಟ್ ನೋಡುತ್ತಾರೆ.

ಹೊಸ ಬಲ್ಬ್ ಹಾಕಿಯೂ ಬೆಳಕು ಸಾಲದು ಅನ್ನಿಸಿದರೆ ಮುಂದಿನ ಪ್ಲಾಸ್ಟಿಕ್ ಕವಚವನ್ನು ನೋಡಿ. ಮಸಿ ಹಿಡಿದ ಲಾಟೀನಿನ ಗಾಜಿನಂತೆ ಅದು ಬಿಸಿಲಿಗೆ ಹಳದಿಯಾಗಿ ಮಬ್ಬುಗಟ್ಟಿರುತ್ತದೆ. ಪಾಲಿಶ್ ಮಾಡಿಸಿದರೆ ಬೆಳಕು ಎಷ್ಟೋ ಮರಳುತ್ತದೆ.

ಇನ್ನೂ ಉರಿಯುವ ಹಳೆಯ ಬಲ್ಬನ್ನು ಎಸೆಯಬೇಡಿ. ಹೊಸ ಬಲ್ಬ್ ಬಂದ ಡಬ್ಬಿಯಲ್ಲೇ ಅದನ್ನಿಟ್ಟು, ಜೊತೆಗೆ ಒಂದೆರಡು ಫ್ಯೂಸ್, ಸಣ್ಣ ಟಾರ್ಚ್, ಒಂದು ತುಂಡು ಶುಭ್ರ ಬಟ್ಟೆ ಸೇರಿಸಿ ಗಾಡಿಯಲ್ಲಿಡಿ. ಪೂರ್ತಿ ಹೋದ ಬಲ್ಬನ್ನು ಮಾತ್ರ ಒಡೆಯಬೇಡಿ. ಒಳಗೆ ಒತ್ತಡದಲ್ಲಿರುವ ಅನಿಲವಿದ್ದು ಗಾಜು ಸಿಡಿಯುತ್ತದೆ. ದಪ್ಪ ಕಾಗದದಲ್ಲಿ ಸುತ್ತಿ, ಹಸಿ ಕಸಕ್ಕೆ ಸೇರಿಸದೆ ಬೇರೆಯಾಗಿ ಕೊಡಿ.