ಎದ್ದಾಗ ಮಣಿಕಟ್ಟು ಜೋತುಬಿದ್ದರೆ

ಕುರ್ಚಿಯ ಬೆನ್ನಿನ ಮೇಲೆ ತೋಳು ಚಾಚಿ ನಿದ್ದೆಹೋದ ಓದುಗರೊಬ್ಬರಿಗೆ ಎದ್ದಾಗಿನಿಂದ ಬಲ ಮಣಿಕಟ್ಟು ಎತ್ತಲಾಗುತ್ತಿಲ್ಲ. ಇದು ಪಾರ್ಶ್ವವಾಯುವೇ ಎಂಬುದು ಅವರ ಆತಂಕ.

ಮುಖ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕಾಲೂ ಸೋತಿದ್ದರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಅವಿಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸುವುದು ಒಳಿತು.

ಮಣಿಕಟ್ಟು, ಬೆರಳುಗಳಷ್ಟೇ ಜೋತುಬಿದ್ದಿದ್ದರೆ ಅನುಮಾನ ರೇಡಿಯಲ್ ನರದ ಮೇಲೆ. ಅದು ತೋಳಿನ ಮೂಳೆಯ ಹಿಂಬದಿಗೆ ಅಂಟಿಕೊಂಡಂತೆ ಸುತ್ತಿ ಇಳಿಯುತ್ತದೆ; ಗಂಟೆಗಟ್ಟಲೆ ಒತ್ತಿದರೆ ಸಂದೇಶ ಸಾಗಿಸುವುದಿಲ್ಲ. ಮೊಣಕೈಯನ್ನು ಎಂದಿನಂತೆ ನೀಡಬಹುದು, ಆದರೆ ಹೆಬ್ಬೆರಳು, ತೋರುಬೆರಳುಗಳ ನಡುವಿನ ಮೇಲ್ಚರ್ಮ ಜೋಮು ಹಿಡಿದಿರುತ್ತದೆ.

ಬರೀ ಒತ್ತಡದ ಪೆಟ್ಟಾದರೆ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಅಲ್ಲಿಯವರೆಗೆ ಮಣಿಕಟ್ಟಿಗೆ ಸ್ಪ್ಲಿಂಟ್, ಕೀಲು ಬಿಗಿಯದಂತೆ ಫಿಸಿಯೋಥೆರಪಿ ಬೇಕು. ನರದ ಎಳೆಗಳೇ ಹಾಳಾಗಿದ್ದರೆ ಮರುಬೆಳವಣಿಗೆ ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ. 3 ವಾರ ಕಳೆದರೂ ಚೇತರಿಕೆ ಕಾಣದಿದ್ದರೆ ನರವಹನ ಪರೀಕ್ಷೆ ಮಾಡಿಸಬೇಕು.