ಗಣತಿಯ ದಿನ ‘ಯಾರಿಗೂ ಏನೂ ಇಲ್ಲ’ ಎನ್ನಬೇಡಿ

ಗಣತಿದಾರರು ಜಗಲಿಯ ಮೇಲೆ ಕೂತು ಕೇಳುತ್ತಾರೆ: ‘ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರಾ?’ ‘ದೇವರ ದಯೆ, ಯಾರಿಗೂ ಏನೂ ಇಲ್ಲ’ ಎಂದುಬಿಡುತ್ತಾರೆ ಯಜಮಾನರು. ಒಳಗಿರುವ ಅಜ್ಜಿಗೆ ಕೂಗಿ ಹೇಳಿದರೂ ಕೇಳಿಸದು. ಅದು ವಯಸ್ಸಾದವರಿಗೆ ಇದ್ದದ್ದೇ ಎಂಬ ಭಾವನೆ. ಮದುವೆ ವಯಸ್ಸಿನ ಮಗಳು ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಾಳೆ. ಅದು ಊರಿಗೆ ಗೊತ್ತಾಗಬಾರದು. ಒಂದೇ ಮಾತಿಗೆ ಇಬ್ಬರು ದೇಶದ ಅಂಗವಿಕಲರ ಲೆಕ್ಕದಿಂದ ಹೊರಗುಳಿದರು.

2011ರ ಜನಗಣತಿಯಲ್ಲಿ ದಾಖಲಾದ ಅಂಗವಿಕಲರು 2.68 ಕೋಟಿ, ಅಂದರೆ ಜನಸಂಖ್ಯೆಯ ಶೇ 2.21. ಕರ್ನಾಟಕದಲ್ಲಿ 13.24 ಲಕ್ಷ. ಪಿಂಚಣಿಗೆ ಎಷ್ಟು ಹಣ ತೆಗೆದಿಡಬೇಕು, ಯಾವ ತಾಲ್ಲೂಕಿಗೆ ಎಷ್ಟು ವಿಶೇಷ ಶಿಕ್ಷಕರು ಬೇಕು ಎಂಬ ಲೆಕ್ಕಾಚಾರಕ್ಕೆ ಇಂಥ ಅಂಕಿಗಳೇ ಆಧಾರ. 1991ರ ಗಣತಿಯಲ್ಲಂತೂ ಈ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಪ್ರಶ್ನೆ ಬರುವುದು ಯಾವಾಗ?

ಗಣತಿಯ ಮೊದಲ ಹಂತವಾದ ಮನೆಪಟ್ಟಿಯ 33 ಪ್ರಶ್ನೆಗಳು ಗೋಡೆ, ಚಾವಣಿ, ನೀರು, ಶೌಚಾಲಯದಂಥ ಸಂಗತಿಗಳ ಕುರಿತವು, ಅಂಗವಿಕಲತೆ ಅಲ್ಲಿಲ್ಲ. ಆಗ ಕೇಳಲಿಲ್ಲವೆಂದು ಗಾಬರಿಯಾಗಬೇಡಿ. ಎರಡನೇ ಹಂತವಾದ ವ್ಯಕ್ತಿಗಳ ಗಣತಿಗೆ ನಿಗದಿಯಾಗಿರುವುದು 2027ರ ಫೆಬ್ರುವರಿ. 2011ರಲ್ಲಿ ಈ ಹಂತದ ನಮೂನೆಯ 9ನೇ ಪ್ರಶ್ನೆಯೇ ಅಂಗವಿಕಲತೆಯದ್ದಾಗಿತ್ತು.

ಪ್ರಮಾಣಪತ್ರ ತೋರಿಸಬೇಕೇ?

ಬೇಕಿಲ್ಲ. ‘ನನಗೆ ತಿಳಿದಂತೆ, ನಾನು ನಂಬಿದಂತೆ’ ಉತ್ತರಿಸುವುದಷ್ಟೇ 1948ರ ಜನಗಣತಿ ಕಾಯ್ದೆಯ 8ನೇ ಕಲಂ ಹೊರಿಸುವ ಹೊಣೆ. ಪ್ರಮಾಣಪತ್ರವನ್ನೋ ಗುರುತಿನ ಕಾರ್ಡನ್ನೋ ಕೇಳಿದರೆ ‘ಗಣತಿಗೆ ಅದು ಬೇಕಿಲ್ಲ’ ಎಂದು ನಯವಾಗಿ ಹೇಳಿ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಪ್ರಮಾಣಪತ್ರ ಇದ್ದದ್ದು ಶೇ 28.8ರಷ್ಟು ಅಂಗವಿಕಲರಿಗೆ ಮಾತ್ರ. ಪ್ರಮಾಣಪತ್ರ ಇದ್ದವರನ್ನಷ್ಟೇ ಎಣಿಸಿದರೆ ಹತ್ತರಲ್ಲಿ ಏಳು ಮಂದಿ ಬಿಟ್ಟುಹೋಗುತ್ತಾರೆ.

ಹೇಳಿದ್ದು ಬಯಲಾಗುವುದೇ?

ಕಾಯ್ದೆಯ 15ನೇ ಕಲಂ ಪ್ರಕಾರ ಗಣತಿಯ ದಾಖಲೆಯನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಮಾಹಿತಿ ಹೊರಗೆಡಹುವ, ಬೇಕೆಂದೇ ಸುಳ್ಳು ಬರೆಯುವ ಅಥವಾ ಅವಮಾನಕರ ಪ್ರಶ್ನೆ ಕೇಳುವ ಗಣತಿ ಅಧಿಕಾರಿಗೆ 11ನೇ ಕಲಂ ಅಡಿ ಮೂರು ವರ್ಷದವರೆಗೆ ಜೈಲು ಆಗಬಹುದು. ಗೊತ್ತಿದ್ದೂ ಸುಳ್ಳು ಉತ್ತರ ಕೊಡುವ ನಾಗರಿಕರಿಗೂ ಸಾವಿರ ರೂಪಾಯಿವರೆಗೆ ದಂಡವುಂಟು. ಮಗಳ ಕಾಯಿಲೆ ಹೇಳಲು ಅಂಜುವ ತಾಯ್ತಂದೆಯರು ಇದನ್ನು ತಿಳಿದಿರಲಿ.

ಉತ್ತರಿಸುವಾಗ ಗಮನಿಸಿ

ಅಂಗವಿಕಲ ವ್ಯಕ್ತಿಯೇ ಉತ್ತರಿಸಬಲ್ಲವರಾದರೆ ಅವರನ್ನೇ ಮುಂದೆ ಕೂರಿಸಿ. ‘ಅಂಗವಿಕಲ’ ಎಂದರೆ ಕೈಕಾಲಿನ ತೊಂದರೆ ಮಾತ್ರವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ: ಆಟಿಸಂ, ಪಾರ್ಕಿನ್ಸನ್, ತಲಸ್ಸೇಮಿಯಾ, ಹಿಮೊಫಿಲಿಯಾ, ಆ್ಯಸಿಡ್ ದಾಳಿಯ ಗಾಯ, ಕಲಿಕೆಯ ತೊಂದರೆ ಎಲ್ಲವೂ ಅದರಲ್ಲಿವೆ. 2011ರ ನಮೂನೆಯಲ್ಲಿ ಇದ್ದದ್ದು ಎಂಟೇ ವರ್ಗ. 49 ಲಕ್ಷ ಜನ ‘ಇತರೆ’ ಎಂಬ ಒಂದೇ ಖಾನೆಗೆ ಸೇರಿಹೋದರು. ಹಾಗಾಗಿ ‘ಸ್ವಲ್ಪ ತೊಂದರೆ ಇದೆ’ ಎನ್ನದೆ ವೈದ್ಯರು ಹೇಳಿದ ಹೆಸರನ್ನೇ ಹೇಳಿ. ಒಂದಕ್ಕಿಂತ ಹೆಚ್ಚು ಇದ್ದರೆ ಎಲ್ಲವನ್ನೂ ಹೇಳಿ. ಗಣತಿದಾರರು ಏಳುವ ಮುನ್ನ ಏನು ನಮೂದಾಯಿತೆಂದು ಕೇಳಿಕೊಳ್ಳಿ. ಅವರು ಪ್ರಶ್ನೆಯನ್ನೇ ಕೇಳದಿದ್ದರೆ ನೀವೇ ನೆನಪಿಸಿ. ಮನೆಗೇ ಬಾರದಿದ್ದರೆ ಚಾರ್ಜ್ ಅಧಿಕಾರಿಗೆ ಲಿಖಿತವಾಗಿ ತಿಳಿಸಿ: ಗ್ರಾಮೀಣ ಭಾಗದಲ್ಲಿ ತಹಶೀಲ್ದಾರರಿಗೆ, ಪಟ್ಟಣದಲ್ಲಿ ಸ್ಥಳೀಯ ಸಂಸ್ಥೆಯ ಕಚೇರಿಗೆ.

ಗಣತಿ ಬೇರೆ, ಸವಲತ್ತು ಬೇರೆ

ಗಣತಿಯಲ್ಲಿ ಹೇಳಿದ ಮಾತ್ರಕ್ಕೆ ಪಿಂಚಣಿ ಬರುವುದಿಲ್ಲ. ಆ ನಮೂದು ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಗದು. ಸರ್ಕಾರಿ ಉದ್ಯೋಗದ ಶೇ 4, ಉನ್ನತ ಶಿಕ್ಷಣದ ಶೇ 5 ಮೀಸಲಾತಿಗೆ ಶೇ 40 ಅಥವಾ ಹೆಚ್ಚಿನ ಅಂಗವಿಕಲತೆ ಪ್ರಮಾಣಿತವಾಗಿರಬೇಕು. ಅದಕ್ಕೆ ‘ಸ್ವಾವಲಂಬನ್’ ಪೋರ್ಟಲ್‌ನಲ್ಲಿ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್) ಅರ್ಜಿ ಹಾಕಿ, ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. ಆನ್‌ಲೈನ್ ಗೊತ್ತಿಲ್ಲದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು. ಅರ್ಜಿ ತಿರಸ್ಕೃತವಾದರೆ ಅಥವಾ ಶೇಕಡಾವಾರು ಕಡಿಮೆ ಬರೆದಿದ್ದಾರೆ ಅನ್ನಿಸಿದರೆ 2016ರ ಕಾಯ್ದೆಯ 59ನೇ ಕಲಂ ಅಡಿ ಮೇಲ್ಮನವಿಗೆ ಅವಕಾಶವಿದೆ. ಹಕ್ಕು ತಪ್ಪಿದಾಗ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.

ಪ್ರಮಾಣಪತ್ರ ಒಬ್ಬರ ಹಕ್ಕಿಗೆ ದಾಖಲೆ. ಗಣತಿ ಇಡೀ ಸಮುದಾಯದ ಪಾಲಿಗೆ ದಾಖಲೆ. ಕಾರ್ಡ್ ಇದೆಯೆಂದು ಗಣತಿಯಲ್ಲಿ ಸುಮ್ಮನಾಗಬೇಡಿ, ಗಣತಿಯಲ್ಲಿ ಹೇಳಿದೆವೆಂದು ಕಾರ್ಡಿನ ಅರ್ಜಿ ಮುಂದೂಡಲೂ ಬೇಡಿ.